ಯಾವುದು ಮೊದಲು, ಒಟ್ಟು ಎಷ್ಟು: ದೇಶಕಾಲದ ಗಣಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ‘ಹಿಂದೆ’ ಅಂದರೆ ಬೆನ್ನ ಹಿಂದೆಯೂ ಹೌದು, ಕಳೆದುಹೋದ ಕಾಲವೂ ಹೌದು. ‘ಮುಂದೆ’ ಅಂದರೆ ಕಣ್ಣ ಮುಂದೆಯೂ ಹೌದು, ಬರುವ ದಿನವೂ ಹೌದು. ಜಾಗಕ್ಕೂ ಕಾಲಕ್ಕೂ ಒಂದೇ ಮಾತು. ನಾನು ಗಣಿತ ಪಾಠ ಮಾಡುವವನು. ಜಾಗ, ಕಾಲ ಇವುಗಳ ಬಗ್ಗೆ ಅಲ್ಲಲ್ಲಿ ಮಾತಾಡಿದಾಗ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇನ್ನೂ ಸಾಬೀತಾಗದ ಗಣಿತದ ಊಹೆಗಳು ಬೇಕಾದಷ್ಟಿವೆ. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು, ಬೆಂಗಳೂರಿನಲ್ಲೂ ಕೆಲಸ ನಡೆಯುತ್ತಿರುವುದು, ಜಾಗ ಮತ್ತು ಕಾಲ ತಳದಲ್ಲಿ ಬಿಡಿಬಿಡಿ ಘಟನೆಗಳ ಸರದಿಯಷ್ಟೇ ಎನ್ನುವ ಕಾಸಲ್ ಸೆಟ್ ಎಂಬ ಒಂದು. ಹೆಚ್ಚಿನ ಉತ್ತರ ಅದರ ಸುತ್ತಲೇ ಇದೆ.

ದೇಶಕಾಲ ಅಂದರೆ ಏನು? ಜಾಗ ಬೇರೆ, ಕಾಲ ಬೇರೆ ಅಲ್ವಾ?

ದಿನನಿತ್ಯಕ್ಕೆ ಬೇರೆ ಬೇರೆಯೇ. ಆದರೆ 1905ರಲ್ಲಿ ಐನ್‌ಸ್ಟೈನ್ ತೋರಿಸಿದ್ದು, ಎರಡು ಘಟನೆಗಳ ನಡುವಿನ ದೂರ ಎಷ್ಟು, ಹೊತ್ತು ಎಷ್ಟು ಎನ್ನುವುದು ಅಳೆಯುವವರ ವೇಗವನ್ನು ಅವಲಂಬಿಸಿದೆ ಎಂದು. 1908ರಲ್ಲಿ ಕೊಲೋನ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಹರ್ಮನ್ ಮಿಂಕೋವ್‌ಸ್ಕಿ ಇನ್ನೊಂದು ಹೆಜ್ಜೆ ಹೋದರು. ಜಾಗವನ್ನೂ ಕಾಲವನ್ನೂ ಬಿಡಿಬಿಡಿಯಾಗಿ ನೋಡಬೇಡಿ, ಎರಡೂ ಸೇರಿದ ನಾಲ್ಕು ಆಯಾಮದ ಒಂದೇ ವಸ್ತುವನ್ನು ನೋಡಿ ಎಂದರು. ಅದೇ ದೇಶಕಾಲ. ಅದರ ಒಂದೊಂದು ಬಿಂದುವೂ ಒಂದು ಘಟನೆ: ಇಂಥ ಜಾಗ, ಇಂಥ ಹೊತ್ತು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷಕ್ಕೂ ಸ್ವಲ್ಪ ಜಾಸ್ತಿ ಬೇಕು. ಈಗ ಅಲ್ಲಿ ಏನೇ ಆದರೂ, ನೀವು ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಅದರಿಂದ ಇಲ್ಲಿ ಏನೂ ಆಗದು. ಅಲ್ಲಿನ ಆ ಘಟನೆಗೂ ಇಲ್ಲಿನ ಈ ಓದಿಗೂ ‘ಮೊದಲು’ ‘ಆಮೇಲೆ’ ಎಂಬ ನಂಟೇ ಇಲ್ಲ. ಒಬ್ಬರ ಗಡಿಯಾರದಲ್ಲಿ ಅದು ಮೊದಲು ಅನ್ನಿಸಬಹುದು, ಇನ್ನೊಬ್ಬರದರಲ್ಲಿ ಇದು. ಆದರೆ ಒಂದು ಘಟನೆಯಿಂದ ಇನ್ನೊಂದಕ್ಕೆ ಬೆಳಕೋ ಬೆಳಕಿಗಿಂತ ನಿಧಾನದ ಏನಾದರೂ ಒಂದೋ ಹೋಗಿ ಮುಟ್ಟಬಹುದಾದರೆ, ಯಾರು ಅಳೆದರೂ ಅವುಗಳ ಸರದಿ ಬದಲಾಗದು. ದೂರ ಬದಲಾಗುತ್ತದೆ, ಹೊತ್ತು ಬದಲಾಗುತ್ತದೆ, ಸರದಿ ಮಾತ್ರ ಬದಲಾಗದು.

ಐನ್‌ಸ್ಟೈನ್ ಸಿದ್ಧಾಂತ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಮತ್ತೆ ಹೊಸದು ಯಾಕೆ?

ನಡೆಯುತ್ತಿದೆ, ಅದರಲ್ಲಿ ಅನುಮಾನವಿಲ್ಲ. ನಿಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ ಸುಮಾರು 11 ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತದೆ.

ತೊಂದರೆ ಇರುವುದು ಎರಡು ಕಡೆ. ಕಪ್ಪುಕುಳಿಯ ಒಳಗೆ, ಬ್ರಹ್ಮಾಂಡದ ಮೊದಲ ಕ್ಷಣದಲ್ಲಿ ಸಮೀಕರಣಗಳು ಅನಂತಕ್ಕೆ ಹೋಗಿ ಕೈಚೆಲ್ಲುತ್ತವೆ. ಇನ್ನೊಂದು, ಅಣುಗಳ ಲೋಕವನ್ನು ವಿವರಿಸುವ ಕ್ವಾಂಟಂ ಸಿದ್ಧಾಂತದ ಜೊತೆ ಗುರುತ್ವವನ್ನು ಕೂಡಿಸಲು ಹೋದರೂ ಅನಂತಗಳೇ ಎದುರಾಗುತ್ತವೆ. 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಕಂಡುಕೊಂಡದ್ದು ಒಂದು ಸುಳಿವು ಕೊಟ್ಟಿತು. ಕಪ್ಪುಕುಳಿಗೆ ಒಂದು ಎಂಟ್ರೊಪಿ, ಅಂದರೆ ಒಳಗಿನದು ಎಷ್ಟು ಬಗೆಯಲ್ಲಿ ಜೋಡಣೆಯಾಗಿರಬಹುದು ಎಂಬುದರ ಅಳತೆ, ಇದೆ, ಅದಕ್ಕೆ ಮಿತಿಯೂ ಇದೆ, ಅದು ಕುಳಿಯ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಷ್ಟೇ ಇರುತ್ತದೆ. ಮಿತಿ ಇದೆ ಅಂದಮೇಲೆ, ತಳದಲ್ಲಿ ಎಣಿಸಬಹುದಾದದ್ದು ಏನೋ ಇರಬೇಕು ಎಂದು ಹಲವರಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ.

ಸರಿ, ಕಾಸಲ್ ಸೆಟ್ ಅಂದರೇನು?

ಕನ್ನಡದಲ್ಲಿ ‘ಕಾರಣ ಗಣ’ ಅನ್ನಬಹುದು. 1987ರಲ್ಲಿ ಲೂಕಾ ಬೊಂಬೆಲ್ಲಿ, ಜೂಹನ್ ಲೀ, ಡೇವಿಡ್ ಮೇಯರ್, ರಫೇಲ್ ಸಾರ್ಕಿನ್ ಎಂಬ ನಾಲ್ವರು ಬರೆದ ಪ್ರಬಂಧದಿಂದ ಈ ದಾರಿ ಈಗಿನ ರೂಪದಲ್ಲಿ ಶುರುವಾಯಿತು.

ನಿಮ್ಮ ಮನೆತನದ ವಂಶವೃಕ್ಷ ನೆನಪಿಸಿಕೊಳ್ಳಿ. ಮುತ್ತಜ್ಜಿ ಅಜ್ಜಿಗಿಂತ ಮೊದಲು, ಅಜ್ಜಿ ಅಮ್ಮನಿಗಿಂತ ಮೊದಲು, ಹಾಗಾಗಿ ಮುತ್ತಜ್ಜಿ ಅಮ್ಮನಿಗಿಂತ ಮೊದಲು. ಯಾರೂ ತಮಗೆ ತಾವೇ ಅಜ್ಜಿ ಆಗಲಾರರು. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ನಡುವೆ ಎಣಿಸಿ ಮುಗಿಸಬಹುದಾದಷ್ಟೇ ಜನ. ಇನ್ನು ನಿಮಗೂ ನಿಮ್ಮ ಸೋದರಮಾವನ ಮಗಳಿಗೂ ಈ ಲೆಕ್ಕದಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಜನರ ಜಾಗದಲ್ಲಿ ಘಟನೆಗಳನ್ನು ಇಡಿ. ಅದೇ ಕಾಸಲ್ ಸೆಟ್.

ಅದರಲ್ಲಿ ಬೇರೇನೂ ಇಲ್ಲ. ಸ್ಕೇಲ್ ಇಲ್ಲ, ಗಡಿಯಾರ ಇಲ್ಲ, ಮೇಲೆ ಕೆಳಗೆ ಇಲ್ಲ. ದೇಶಕಾಲ ತಳದಲ್ಲಿ ಇಷ್ಟೇ, ನಾವು ಕಾಣುವ ನುಣುಪಾದ ಜಾಗ ಮತ್ತು ಕಾಲ ದೂರದಿಂದ ನೋಡಿದಾಗಿನ ನೋಟ ಎನ್ನುವುದು ಈ ಊಹೆ.

ಬರೀ ‘ಮೊದಲು–ಆಮೇಲೆ’ಯಿಂದ ಉದ್ದ, ಅಗಲ, ಆಕಾರ ಎಲ್ಲ ಹೇಗೆ ಬರುತ್ತವೆ?

ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದೇ ಈ ಪ್ರಶ್ನೆ.

ಕೇಂಬ್ರಿಜ್‌ನ ಆಲ್ಫ್ರೆಡ್ ರಾಬ್ 1914ರಲ್ಲೇ ಒಂದು ಕೆಲಸ ಮಾಡಿದ್ದರು. ‘ಆಮೇಲೆ’ ಎಂಬ ಒಂದೇ ಸಂಬಂಧವನ್ನು ಇಟ್ಟುಕೊಂಡು ಮಿಂಕೋವ್‌ಸ್ಕಿಯ ಇಡೀ ಜ್ಯಾಮಿತಿಯನ್ನು ಕಟ್ಟಿ ತೋರಿಸಿದ್ದರು. 1977ರಲ್ಲಿ ಡೇವಿಡ್ ಮಾಲಮೆಂಟ್ ಇದನ್ನು ಬಾಗಿದ ದೇಶಕಾಲಕ್ಕೂ ವಿಸ್ತರಿಸಿ ಪ್ರಮೇಯವನ್ನೇ ಸಾಧಿಸಿದರು: ಕಾಲ ತನ್ನ ಬಾಲವನ್ನು ತಾನೇ ಕಚ್ಚದಂತಿದ್ದರೆ, ಯಾವ ಘಟನೆ ಯಾವುದಕ್ಕಿಂತ ಮೊದಲು ಎಂಬ ಪಟ್ಟಿಯೊಂದೇ ಸಾಕು, ದೇಶಕಾಲದ ಆಕಾರ ಪೂರ್ತಿ ಸಿಗುತ್ತದೆ. ಸಿಗದೆ ಉಳಿಯುವುದು ಒಂದೇ, ಗಾತ್ರ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದ ಬಂಡೆಯ ಫೋಟೋ ಹಾಗೆ. ರೂಪ ಗೊತ್ತಾಗುತ್ತದೆ, ಅಂಗೈಯಷ್ಟೋ ಬೆಟ್ಟದಷ್ಟೋ ಗೊತ್ತಾಗದು.

ಆ ಗಾತ್ರವನ್ನು ಎಣಿಕೆ ಕೊಡುತ್ತದೆ. ಘಟನೆಗಳು ಬಿಡಿಬಿಡಿಯಾಗಿದ್ದರೆ, ಒಂದು ಭಾಗದಲ್ಲಿ ಎಷ್ಟು ಘಟನೆ ಇವೆಯೋ ಅದೇ ಆ ಭಾಗದ ಗಾತ್ರ. ಬೇರೆ ಅಳತೆಗೋಲು ಹೊರಗಿನಿಂದ ತರಬೇಕಿಲ್ಲ. ಸಾರ್ಕಿನ್ ಇದನ್ನು ಒಂದು ಸಾಲಿನಲ್ಲಿ ಹೇಳುತ್ತಾರೆ: ಕ್ರಮ ಮತ್ತು ಸಂಖ್ಯೆ ಸೇರಿದರೆ ಜ್ಯಾಮಿತಿ. ರೀಮನ್ 1854ರಲ್ಲಿ ಗಾಟಿಂಗೆನ್‌ನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲೇ ಇದರ ಬೀಜ ಇತ್ತು. ಬಿಡಿಬಿಡಿಯಾದ ವಸ್ತುವಿನಲ್ಲಿ ಅಳತೆ ಅದರ ಒಳಗೇ ಇರುತ್ತದೆ, ಎಡೆಬಿಡದೆ ಹಬ್ಬಿದ ವಸ್ತುವಿಗೆ ಅದನ್ನು ಹೊರಗಿನಿಂದ ತರಬೇಕು ಎಂದು ಅವರು ಅಂದೇ ಗುರುತಿಸಿದ್ದರು.

ಗಡಿಯಾರವೂ ಹೀಗೇ ಬರುತ್ತದೆ. ಎರಡು ಘಟನೆಗಳ ನಡುವೆ ಒಂದರ ನಂತರ ಒಂದು ಕೊಂಡಿ ಹಾಕುತ್ತ ಹೋಗಿ, ಸಾಧ್ಯವಾದಷ್ಟು ಉದ್ದದ ಸರಪಳಿ ಮಾಡಿ. ಅದರಲ್ಲಿ ಎಷ್ಟು ಕೊಂಡಿಯೋ ಅಷ್ಟು ಹೊತ್ತು ಕಳೆದಿದೆ. ಮುತ್ತಜ್ಜಿಯಿಂದ ನಿಮ್ಮವರೆಗೆ ತಲೆಮಾರು ಎಣಿಸಿದ ಹಾಗೆ.

ಚುಕ್ಕಿಗಳು ಅಂದ್ರೆ ಗ್ರಾಫ್ ಹಾಳೆ ಥರ ಸಾಲುಸಾಲಾಗಿ ಇರುತ್ತವಾ?

ಇಲ್ಲ. ಈ ಕಡೆ ಎಡವಿದ ಸಿದ್ಧಾಂತಗಳು ಬಹಳ.

ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ, ಆಮೇಲೆ ಚುಕ್ಕಿ ಇಟ್ಟು ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲ? ರಂಗೋಲಿಯ ಚುಕ್ಕಿಗೆ ದಿಕ್ಕಿದೆ. ನೇರ ಚುಕ್ಕಿಯಾದರೂ ಸರಿ, ಸಂದು ಚುಕ್ಕಿಯಾದರೂ ಸರಿ, ಸಾಲು ಯಾವ ಕಡೆಗೆ ಹೋಗಿದೆ ಎಂದು ನೋಡಿದೊಡನೆ ಹೇಳಬಹುದು. ಚಿಮುಕಿಸಿದ ಹನಿಗಳಿಗೆ ಯಾವ ದಿಕ್ಕೂ ಇಲ್ಲ. ನೀವು ಯಾವ ಮೂಲೆಯಿಂದ ನೋಡಿದರೂ ಅವು ಬರೀ ಚೆಲ್ಲಿದ ಹನಿಗಳು.

ದೇಶಕಾಲ ರಂಗೋಲಿಯ ಚುಕ್ಕಿಯಂತಿದ್ದರೆ, ವೇಗವಾಗಿ ಹೋಗುವವರಿಗೆ ಆ ಸಾಲುಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಅಗಲವಾಗಿ ಕಾಣುತ್ತವೆ. ಆಗ ‘ನಿಜವಾಗಿ ನಿಂತಿರುವವರು ಯಾರು’ ಎಂದು ಹೇಳಬಹುದಾಗುತ್ತದೆ, ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ ಮುರಿದುಬೀಳುತ್ತದೆ. ಕಾಸಲ್ ಸೆಟ್‌ನಲ್ಲಿ ಚುಕ್ಕಿಗಳು ಚಿಮುಕಿಸಿದ ಹನಿಗಳಂತೆ. ಅವುಗಳಿಂದ ಯಾವುದೇ ವಿಶೇಷ ದಿಕ್ಕನ್ನೋ ವೇಗವನ್ನೋ ಆರಿಸಿಕೊಳ್ಳಲು ಆಗುವುದಿಲ್ಲ ಎಂದು ಬೊಂಬೆಲ್ಲಿ, ಹೆನ್ಸನ್ ಮತ್ತು ಸಾರ್ಕಿನ್ ಪ್ರಮೇಯವಾಗಿಯೇ ತೋರಿಸಿದರು.

ಇದು ಬರೀ ಸೊಗಸಿನ ಮಾತಲ್ಲ. 2009ರ ಮೇ 10ರಂದು ಫರ್ಮಿ ದೂರದರ್ಶಕ ಒಂದು ಗಾಮಾ ಕಿರಣದ ಸ್ಫೋಟವನ್ನು ಹಿಡಿಯಿತು. ಸುಮಾರು 730 ಕೋಟಿ ವರ್ಷ ಪಯಣ ಮಾಡಿ ಬಂದ ಬೆಳಕು ಅದು. ಅದರಲ್ಲಿ ಒಂದಕ್ಕಿಂತ ಇನ್ನೊಂದು ಲಕ್ಷಾಂತರ ಪಟ್ಟು ಶಕ್ತಿ ಇದ್ದ ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಇದ್ದವು. ಅಂಥ ಎರಡು ಫೋಟಾನ್‌ಗಳು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಬಂದು ಮುಟ್ಟಿದವು. ಜಾಗದ ತರಿಯಿಂದಾಗಿ ಬೆಳಕಿನ ವೇಗ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ ಎನ್ನುತ್ತಿದ್ದ ಹಲವು ಮಾದರಿಗಳು ಅಲ್ಲಿಗೆ ಬಿದ್ದುಹೋದವು. ಹನಿಗಳ ಮಾದರಿಗೆ ಅಂಥ ವ್ಯತ್ಯಾಸವೇ ಬೇಕಿರಲಿಲ್ಲ, ಅದು ಉಳಿಯಿತು.

ಇದನ್ನು ಮನೆಯಲ್ಲಿ ಮಾಡಿ ನೋಡಬಹುದಾ?

ಖಂಡಿತ. ಚೌಕಾಕಾರದ ಒಂದು ಹಾಳೆ ತೆಗೆದುಕೊಳ್ಳಿ. ಅದರ ಮೇಲೆ 12 ಬೇಳೆ ಚೆಲ್ಲಿ. ಒಂದು ಬೇಳೆಗಿಂತ ಇನ್ನೊಂದು ಬಲಕ್ಕೂ ಇದ್ದು ಮೇಲಕ್ಕೂ ಇದ್ದರೆ ಅದು ‘ಆಮೇಲೆ’ ಎಂದು ಗುರುತು ಮಾಡಿ. ಬಲಕ್ಕಿದ್ದು ಕೆಳಗಿದ್ದರೆ ನಂಟಿಲ್ಲ. ಹಾಳೆಯನ್ನು ವಜ್ರದಂತೆ ಅದರ ಎಡಗಡೆಯ ಕೆಳಮೂಲೆಯ ಮೇಲೆ ನಿಲ್ಲಿಸಿದರೆ, ಹಾಳೆಯ ಅಂಚುಗಳೇ ಬೆಳಕಿನ ದಾರಿ, ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಕಾಲ.

12 ಬೇಳೆಯಲ್ಲಿ 66 ಜೋಡಿ ಆಗುತ್ತವೆ. ಅವುಗಳಲ್ಲಿ ನಂಟಿರುವ ಜೋಡಿ ಎಷ್ಟು ಎಣಿಸಿ. ನಮ್ಮ ಮನೆಯಲ್ಲಿ ಮೊದಲು ಸಾಸಿವೆ ಚೆಲ್ಲಿದೆವು, ಉರುಳಿ ನೆಲದ ಮೇಲೆಲ್ಲ ಹೋಯಿತು. ಮಗಳು ಎದ್ದುಹೋಗಿ ತೊಗರಿಬೇಳೆ ತಂದಳು. ಚಪ್ಪಟೆಯಲ್ವಾ, ಬಿದ್ದ ಕಡೆ ಕೂರುತ್ತದೆ. ಅವಳು ಬೆರಳಿಟ್ಟು ಒಂದೊಂದೇ ಜೋಡಿ ಹೇಳುತ್ತಾ ಹೋದಳು, ನಾನು ಗೆರೆ ಹಾಕುತ್ತಾ ಹೋದೆ. ಮೊದಲ ಸಲ 29, ಎರಡನೇ ಸಲ 38, ಮೂರನೇ ಸಲ 31. ಒಟ್ಟು 198 ಜೋಡಿಗೆ 98. ಹೆಚ್ಚುಕಡಿಮೆ ಅರ್ಧ.

ಆ ಅರ್ಧ ಸುಮ್ನೆ ಬಂದದ್ದಲ್ಲ. ಒಂದು ಆಯಾಮದ ಜಾಗಕ್ಕೆ ಒಂದು ಆಯಾಮದ ಕಾಲ ಸೇರಿದರೆ, ಇಂಥ ವಜ್ರದಲ್ಲಿ ನಂಟಿರುವ ಜೋಡಿಗಳ ಪಾಲು ಸರಾಸರಿ 1/2. ಜಾಗಕ್ಕೆ ಎರಡು ಆಯಾಮ ಇದ್ದರೆ 8/35. ನಮ್ಮ ಲೋಕದಂತೆ ಮೂರು ಇದ್ದರೆ ಸರಿಯಾಗಿ 1/10. ಅಂದರೆ ಹಾಳೆಯನ್ನು ಬಚ್ಚಿಟ್ಟು, ಯಾವ ಬೇಳೆ ಯಾವುದಕ್ಕಿಂತ ಆಮೇಲೆ ಎಂಬ ಪಟ್ಟಿ ಮಾತ್ರ ಕೊಟ್ಟರೂ, ಅದು ಎಷ್ಟು ಆಯಾಮದ ಲೋಕದಿಂದ ಬಂದದ್ದು ಎಂದು ಹೇಳಬಹುದು. ಯಾನ್ ಮಿರ್‌ಹೈಮ್ 1978ರಲ್ಲಿ ಇದರ ದಾರಿ ತೋರಿಸಿದರು, ಮೇಯರ್ ಮುಂದುವರಿಸಿದರು. ಆಯಾಮ ಎಂಬುದೇ ಎಣಿಕೆಯಿಂದ ಹುಟ್ಟುತ್ತದೆ ಎನ್ನುವುದು ಅಡುಗೆಮನೆಯ ನೆಲದ ಮೇಲೆ ಕಂಡಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ನಿಜವಾದ ಚುಕ್ಕಿ ಎಷ್ಟು ಸಣ್ಣದು?

ಪ್ಲಾಂಕ್ ಅಳತೆಯ ಆಸುಪಾಸು ಎಂದು ಊಹೆ. ಗುರುತ್ವ, ಕ್ವಾಂಟಂ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯಲೇಬೇಕಾಗುವಷ್ಟು ಸಣ್ಣ ಅಳತೆ ಅದು. ಉದ್ದದಲ್ಲಿ ದಶಮಾಂಶ ಬಿಂದುವಿನ ಆಚೆ 34 ಸೊನ್ನೆ ಬರೆದು 16 ಬರೆದಷ್ಟು ಮೀಟರ್. ಹೊತ್ತಿನಲ್ಲಿ 43 ಸೊನ್ನೆಯ ನಂತರ 54 ಬರೆದಷ್ಟು ಸೆಕೆಂಡ್. ಈ ಲೆಕ್ಕದಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಒಂದು ಸೆಕೆಂಡಿನೊಳಗೆ ಆಗುವ ಘಟನೆಗಳ ಸಂಖ್ಯೆಗೆ ಸುಮಾರು 148 ಅಂಕಿ ಬೇಕು.

ಈ ಸಿದ್ಧಾಂತ ಏನನ್ನಾದರೂ ಮುಂಚೆಯೇ ಹೇಳಿ, ಅದು ನಿಜವಾಗಿದೆಯಾ?

ಒಂದು ಇದೆ.

ಅಂಗಳದ ಕಲ್ಲೊಂದರ ಮೇಲೆ ಸರಾಸರಿ 100 ಹನಿ ಬೀಳುತ್ತವೆ ಅಂತಿಟ್ಟುಕೊಳ್ಳಿ. ಪ್ರತಿ ಸಲ ಸರಿಯಾಗಿ 100 ಬೀಳುವುದಿಲ್ಲ. ಹತ್ತು ಹೆಚ್ಚೋ ಹತ್ತು ಕಡಿಮೆಯೋ ಆಗುತ್ತದೆ. 10,000 ಹನಿಯಾದರೆ ಏರಿಳಿತ 100ರಷ್ಟು. ಅಂದರೆ ವರ್ಗಮೂಲದಷ್ಟು. ಕಾಸಲ್ ಸೆಟ್‌ನಲ್ಲೂ ಎಣಿಕೆಗೂ ಗಾತ್ರಕ್ಕೂ ಇಷ್ಟು ಹೊಯ್ದಾಟ ಇದ್ದೇ ಇರುತ್ತದೆ. ಗುರುತ್ವದ ಸಮೀಕರಣಗಳಲ್ಲಿ ದೇಶಕಾಲದ ಗಾತ್ರಕ್ಕೆ ಜೋಡಿಯಾಗಿ ಬರುವುದು ಬ್ರಹ್ಮಾಂಡದ ಸ್ಥಿರಾಂಕ, ಅಂದರೆ ಬ್ರಹ್ಮಾಂಡ ಹಿಗ್ಗುವುದನ್ನು ಚುರುಕುಗೊಳಿಸಬಲ್ಲ ಒಂದು ಸಂಖ್ಯೆ. ಕಾಣುವ ಬ್ರಹ್ಮಾಂಡದ ಇಡೀ ಚರಿತ್ರೆಯಲ್ಲಿ ಚುಕ್ಕಿಗಳ ಸಂಖ್ಯೆ 1ರ ಮುಂದೆ ಸುಮಾರು 240 ಸೊನ್ನೆ. ಅದರ ವರ್ಗಮೂಲಕ್ಕೆ 120 ಸೊನ್ನೆ. ಹಾಗಾಗಿ ಆ ಸ್ಥಿರಾಂಕ, ಪ್ಲಾಂಕ್ ಅಳತೆಯಲ್ಲಿ, ದಶಮಾಂಶದ ಆಚೆ ಸುಮಾರು 120 ಸೊನ್ನೆ ದಾಟಿದ ಮೇಲೆ ಬರುವಷ್ಟು ಸಣ್ಣ ಸಂಖ್ಯೆ, ಆದರೆ ಸೊನ್ನೆಯಲ್ಲ. ಸಾರ್ಕಿನ್ ಈ ವಾದವನ್ನು ಮುಂದಿಟ್ಟದ್ದು 1990ರ ಸುತ್ತಮುತ್ತ. ಆಗ ಬಹಳ ಜನ ಅದು ಸೊನ್ನೆಯೇ ಇರಬೇಕು ಎಂದುಕೊಂಡಿದ್ದರು.

1998ರಲ್ಲಿ ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ನೋಡುತ್ತಿದ್ದ ಎರಡು ತಂಡಗಳು ಬ್ರಹ್ಮಾಂಡ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು ಕಂಡುಕೊಂಡವು. 2011ರ ನೊಬೆಲ್ ಸಿಕ್ಕಿದ್ದು ಅದಕ್ಕೇ. ಅಳತೆ ಹೊಂದಿದ್ದು ಸಾರ್ಕಿನ್ ಹೇಳಿದ ಗಾತ್ರಕ್ಕೇ.

ಇದರಿಂದ ಸಿದ್ಧಾಂತ ಸಾಬೀತಾಯಿತು ಅನ್ನಬೇಡಿ. ಸ್ಥಿರಾಂಕದ ಸರಾಸರಿ ಸೊನ್ನೆ ಎಂದು ಅಲ್ಲಿ ಹಿಡಿದುಕೊಂಡಿದ್ದಾರೆ, ಯಾಕೆ ಎಂಬುದಕ್ಕೆ ಗಟ್ಟಿ ಕಾರಣವಿಲ್ಲ. ಜೊತೆಗೆ ಈ ಲೆಕ್ಕದ ಪ್ರಕಾರ ಆ ಸಂಖ್ಯೆ ಕಾಲದಿಂದ ಕಾಲಕ್ಕೆ ಏರಿಳಿಯಬೇಕು, ಅದನ್ನು ಎಲ್ಲ ಅಳತೆಗಳಿಗೂ ಹೊಂದಿಸುವುದು ಸುಲಭವಿಲ್ಲ. 2024 ಮತ್ತು 2025ರಲ್ಲಿ ಡೆಸಿ ಎಂಬ ಆಕಾಶದ ಸಮೀಕ್ಷೆ, ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ‘ಕಪ್ಪು ಶಕ್ತಿ’ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿದೆ. ಸುಳಿವು ಅಷ್ಟೇ, ಪಕ್ಕಾ ಅಲ್ಲ. ಅದನ್ನು ಈ ಸಿದ್ಧಾಂತದ ಗೆಲುವು ಎಂದು ನಾನು ಬರೆಯುವುದಿಲ್ಲ.

ಹಾಗಾದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಎಣಿಕೆಯಲ್ಲೇ. ನಾಲ್ಕು ಘಟನೆಗಳನ್ನು ‘ಮೊದಲು–ಆಮೇಲೆ’ ಹಚ್ಚಿ ಜೋಡಿಸಲು 16 ಬಗೆ ಇವೆ. ಐದಕ್ಕೆ 63. ಹತ್ತಕ್ಕೆ 25,67,284. ಘಟನೆಗಳು ಹೆಚ್ಚಾದಂತೆ ಈ ಕಾಡು ಬೆಳೆಯುವ ಪರಿ ಭಯ ಹುಟ್ಟಿಸುತ್ತದೆ. ಇದರಲ್ಲಿ ನಮ್ಮ ದೇಶಕಾಲದಂತೆ ಕಾಣುವವು ಎಷ್ಟು? ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1975ರಲ್ಲಿ ಕ್ಲೈಟ್‌ಮನ್ ಮತ್ತು ರೋಥ್‌ಚೈಲ್ಡ್ ಎಂಬ ಗಣಿತಜ್ಞರು ತೋರಿಸಿದ್ದು, ದೊಡ್ಡ ಗಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬರೀ ಮೂರು ಮಹಡಿಯವು. ಕೆಳಗೆ ಕಾಲುಭಾಗ, ನಡುವೆ ಅರ್ಧ, ಮೇಲೆ ಕಾಲುಭಾಗ. ಅಂಥ ಲೋಕದಲ್ಲಿ ಕಾಲ ಮೂರೇ ಹೆಜ್ಜೆಗೆ ಮುಗಿಯುತ್ತದೆ.

ಹಾಗಾದರೆ ನಮ್ಮ ಲೋಕ ಉದ್ದದ ಕಾಲ, ಮೂರು ಆಯಾಮದ ಜಾಗ ಇಟ್ಟುಕೊಂಡು ಹೀಗೆ ಹೇಗಿದೆ? ಮೂರು ಮಹಡಿಯ ಗಣಗಳನ್ನು ಅದುಮಿಡುವ ನಿಯಮ ಬೇಕು. 2010ರಲ್ಲಿ ಬೆನಿಂಕಾಸಾ ಮತ್ತು ಫೇ ಡೌಕರ್ ಗುರುತ್ವದ ಪಾತ್ರ ವಹಿಸಬಲ್ಲ ಒಂದು ಸೂತ್ರ ಕೊಟ್ಟರು, ಅದೂ ಬರೀ ಎಣಿಕೆಯ ಸೂತ್ರವೇ. ಕ್ವಾಂಟಂ ಲೆಕ್ಕದಲ್ಲಿ ಅದನ್ನು ಬಳಸಿದಾಗ ಮಹಡಿ ಮಹಡಿಯಾಗಿರುವ ಎಷ್ಟೋ ಗಣಗಳು ಒಂದನ್ನೊಂದು ಅಳಿಸಿಹಾಕುತ್ತವೆ ಎಂದು ಸ್ಟೀವನ್ ಕಾರ್ಲಿಪ್, ಸುಮತಿ ಸೂರ್ಯ ಮೊದಲಾದವರು ಈಚೆಗೆ ತೋರಿಸಿದ್ದಾರೆ. ದೊಡ್ಡ ಹೆಜ್ಜೆ. ಆದರೆ ಉಳಿದವುಗಳಲ್ಲಿ ನಮ್ಮದೇ ಲೋಕ ಎದ್ದು ನಿಲ್ಲುತ್ತದೆ ಎಂದು ತೋರಿಸುವ ಕೆಲಸ ಬಾಕಿ ಇದೆ.

ಕಾಲ ನಿಜವಾಗಿಯೂ ಹರಿಯುತ್ತದಾ?

ಐನ್‌ಸ್ಟೈನ್ ಸಿದ್ಧಾಂತವನ್ನು ಇದ್ದಂತೆಯೇ ಓದಿದರೆ ನಿನ್ನೆ, ಇಂದು, ನಾಳೆ ಎಲ್ಲ ಒಟ್ಟಿಗೇ ಇರುವ ಒಂದು ದೊಡ್ಡ ಗಟ್ಟಿಯಂತೆ ಕಾಣುತ್ತದೆ. ಡೇವಿಡ್ ರೈಡೌಟ್ ಮತ್ತು ಸಾರ್ಕಿನ್ ಬೇರೆಯದೇ ಚಿತ್ರ ಕೊಟ್ಟರು. ಘಟನೆಗಳು ಒಂದೊಂದಾಗಿ ಹುಟ್ಟುತ್ತವೆ, ಹೊಸದು ಹಳೆಯದರ ಮೇಲೆ ಕೂರುತ್ತದೆ, ಹಳೆಯದರ ಕೆಳಗೆ ಎಂದೂ ತೂರುವುದಿಲ್ಲ. ನಂಟಿಲ್ಲದ ಎರಡರಲ್ಲಿ ಯಾವುದು ಮೊದಲು ಹುಟ್ಟಿತು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಹಾಗಾಗಿ ಇಡೀ ಲೋಕಕ್ಕೆ ಒಂದೇ ‘ಈಗ’ ಬೇಕಿಲ್ಲ, ಆದರೂ ‘ಆಗುವುದು’ ನಿಜ. ಕೂಸು ಹುಟ್ಟಿದಂತೆ ವಂಶವೃಕ್ಷ ಬೆಳೆಯುತ್ತದಲ್ಲ, ಹಾಗೆ. ನನ್ನ ಮನಸ್ಸು ಈ ಚಿತ್ರದ ಕಡೆಗೇ ವಾಲುತ್ತದೆ. ಆದರೆ ಇದರಲ್ಲಿ ಕ್ವಾಂಟಂ ಇನ್ನೂ ಸೇರಿಲ್ಲ.

ಬೇರೆ ದಾರಿಗಳು ಯಾವುವು?

ಬಹಳ ಇವೆ, ಇಲ್ಲಿ ಹೆಸರು ಮಾತ್ರ. ಮಹಾರಾಷ್ಟ್ರದಲ್ಲಿ ಹುಟ್ಟಿದ ಅಭಯ್ ಅಷ್ಟೇಕರ್ 1986ರಲ್ಲಿ ಕೊಟ್ಟ ಹೊಸ ಚರಾಂಶಗಳಿಂದ ಲೂಪ್ ಕ್ವಾಂಟಂ ಗ್ರಾವಿಟಿ ಬೆಳೆಯಿತು. ಅಲ್ಲಿ ವಿಸ್ತೀರ್ಣವೇ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಸ್ಟ್ರಿಂಗ್ ಸಿದ್ಧಾಂತದ ಕಡೆ 1997ರ ಮಾಲ್ದಸೇನಾ ಊಹೆಯಿಂದ, ಒಳಗಿನ ಜಾಗವೆಲ್ಲ ಅಂಚಿನ ಮೇಲಿನ ಬರಹ ಎಂಬ ಯೋಚನೆ ಗಟ್ಟಿಯಾಯಿತು. ವೀಲರ್ ಮತ್ತು ಡಿವಿಟ್ ಸಮೀಕರಣದಲ್ಲಂತೂ ಕಾಲವೇ ಇಲ್ಲ.

ನಮ್ಮ ಹಿಂದಿನವರು ಇದನ್ನೆಲ್ಲ ಆಗಲೇ ಹೇಳಿದ್ದರಲ್ವಾ?

ಪ್ರಶ್ನೆಯನ್ನು ಕೇಳಿದ್ದರು, ಅದು ಸಣ್ಣ ವಿಷಯವಲ್ಲ. ಯೋಗಸೂತ್ರದ ವ್ಯಾಸಭಾಷ್ಯದಲ್ಲಿ ‘ಕ್ಷಣ’ಕ್ಕೆ ಒಂದು ವಿವರಣೆ ಇದೆ: ಪರಮಾಣು ತಾನಿದ್ದ ಜಾಗ ಬಿಟ್ಟು ಪಕ್ಕದ ಜಾಗ ಸೇರಲು ಹಿಡಿಯುವ ಹೊತ್ತು. ಕಾಲಕ್ಕೆ ಕೊನೆಯ ತುಣುಕು ಇದೆ, ಅದು ಜಾಗದ ತುಣುಕಿಗೆ ಅಂಟಿಕೊಂಡಿದೆ ಎಂಬ ಚುರುಕಾದ ಯೋಚನೆ ಅದು. ಆದರೆ ಬೆಳಕಿನ ಮಿತಿ, 1/10 ಎಂಬ ಪಾಲು, ವರ್ಗಮೂಲದ ಲೆಕ್ಕ ಅಲ್ಲಿಲ್ಲ. ಇದೆ ಎಂದು ಹೇಳಿದರೆ ಅವರಿಗೂ ಅನ್ಯಾಯ, ಇವರಿಗೂ ಅನ್ಯಾಯ.

ನನ್ನದೇ ಒಂದು ಸಿದ್ಧಾಂತ ಇದೆ. ಅದು ಸರಿಯೋ ಅಲ್ಲವೋ ಹೇಗೆ ತಿಳಿಯಲಿ?

ವಾಟ್ಸಾಪ್‌ನಲ್ಲಿ ನನಗೆ ಇಂಥವು ಬರುತ್ತಲೇ ಇರುತ್ತವೆ, ಕಳಿಸಿದವರ ಆಸೆ ನನಗೆ ಅರ್ಥವಾಗುತ್ತದೆ. ಒಂದು ಕೆಲಸ ಮಾಡಿ. ನಿಮ್ಮ ಸಿದ್ಧಾಂತದಿಂದ ಒಂದು ಸಂಖ್ಯೆ ಹೊರಗೆ ತೆಗೆಯಿರಿ. ಜಿಪಿಎಸ್ ಗಡಿಯಾರದ ‘ದಿನಕ್ಕೆ 38 ಮೈಕ್ರೋಸೆಕೆಂಡ್’ ಬರುತ್ತದೋ ನೋಡಿ. ಬರದಿದ್ದರೆ ಅಲ್ಲಿಗೆ ನಿಲ್ಲಿಸಿ ತಪ್ಪು ಹುಡುಕಿ. ‘ಕಂಪನ’, ‘ಶಕ್ತಿ’ ಎಂಬ ಪದಗಳನ್ನು ಪೋಣಿಸಿದ ಮಾತಿನಿಂದ ಯಾವ ಸಂಖ್ಯೆಯೂ ಹುಟ್ಟುವುದಿಲ್ಲ. ಯಾವ ಅಳತೆ ಬಂದರೆ ನನ್ನ ಸಿದ್ಧಾಂತ ಬಿಟ್ಟುಬಿಡುತ್ತೇನೆ ಎಂದು ಮೊದಲೇ ಒಂದು ಸಾಲು ಬರೆದಿಡಿ. ಆ ಸಾಲು ಬರೆಯಲು ಆಗದಿದ್ದರೆ ಸಿದ್ಧಾಂತ ಇನ್ನೂ ಹಸಿಯಾಗಿದೆ ಎಂದರ್ಥ.

ಕಲಿಯಲು ಎಲ್ಲಿಂದ ಶುರು ಮಾಡಲಿ?

ಪಿಯುಸಿಯ ಗಣಗಳು ಮತ್ತು ಸಂಬಂಧಗಳ ಪಾಠದಿಂದ. ಅದನ್ನು ಎಷ್ಟೋ ಮಕ್ಕಳು ಅಂಕಕ್ಕಾಗಿ ಓದಿ ಮರೆಯುತ್ತಾರೆ, ಆದರೆ ಇಡೀ ಕಾಸಲ್ ಸೆಟ್ ನಿಂತಿರುವುದೇ ಅದರ ಮೇಲೆ. ಆಮೇಲೆ ಸಂಭವನೀಯತೆ, ವಿಶೇಷ ಸಾಪೇಕ್ಷತೆ, ಸ್ವಲ್ಪ ಪೈಥಾನ್. ಸಾವಿರ ಚುಕ್ಕಿ ಚೆಲ್ಲಿ ಎಣಿಸುವ ಪ್ರೋಗ್ರಾಂ ಇಪ್ಪತ್ತು ಸಾಲಿನೊಳಗೆ ಆಗುತ್ತದೆ. ಬೆಂಗಳೂರಿನಲ್ಲಿ ಮೇಖ್ರಿ ವೃತ್ತದ ಹತ್ತಿರ ಇರುವ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ಜಗತ್ತಿನ ಮುಖ್ಯ ಜಾಗಗಳಲ್ಲಿ ಒಂದು. ಸುಮತಿ ಸೂರ್ಯ ಅಲ್ಲಿಯವರು, 2019ರಲ್ಲಿ ಅವರು ಬರೆದ ದೀರ್ಘ ಸಮೀಕ್ಷೆ ಈ ಕ್ಷೇತ್ರಕ್ಕೆ ಕಾಲಿಡುವವರಿಗೆ ದೊಡ್ಡ ಆಸರೆ.

ಬೇಳೆ ಚೆಲ್ಲಿ ಎಣಿಸಿದೆ, ಅರ್ಧ ಬರಲಿಲ್ಲ. ತಪ್ಪು ಎಲ್ಲಿ?

12 ಬೇಳೆಗೆ ಮೂರರಲ್ಲಿ ಸುಮಾರು ಎರಡು ಸಲ 26ರಿಂದ 40ರ ಒಳಗೆ ಬರುತ್ತದೆ, ಒಮ್ಮೊಮ್ಮೆ ಆಚೆ ಹೋದರೂ ಚಿಂತೆ ಬೇಡ. ಪದೇ ಪದೇ ಅದರಾಚೆ ಹೋದರೆ ಮೊದಲು ಹಾಳೆ ನೋಡಿ. ಹಾಳೆ ಒಂದು ಮೂಲೆಗೆ ಓರೆಯಾಗಿದ್ದರೆ ಬೇಳೆ ಕರ್ಣದ ಉದ್ದಕ್ಕೂ ಜಾರಿ ಸಾಲು ಕಟ್ಟುತ್ತದೆ, ಎಣಿಕೆ ಪೂರ್ತಿ ಕೆಡುತ್ತದೆ. ಎರಡು ಬೇಳೆ ಒಂದೇ ಮಟ್ಟದಲ್ಲಿದ್ದರೆ ಒಂದನ್ನು ಉಗುರಿನಿಂದ ಚೂರೇ ಚೂರು ಸರಿಸಿ. ಒಂದೇ ಜೋಡಿಯನ್ನು ಎರಡು ಸಲ ಎಣಿಸುವುದು ನಾವೂ ಮಾಡಿದ ತಪ್ಪು. ಎಡಗಡೆಯ ಬೇಳೆಯಿಂದ ಶುರು ಮಾಡಿ, ಅದಕ್ಕೆ ಬಲಕ್ಕೂ ಮೇಲಕ್ಕೂ ಇರುವವನ್ನು ಮಾತ್ರ ಎಣಿಸಿ ಮುಂದಿನದಕ್ಕೆ ಹೋಗಿ. ತಾಳ್ಮೆ ಇದ್ದರೆ 30 ಬೇಳೆ ಹಾಕಿ. ಆಗ 435 ಜೋಡಿ, ಉತ್ತರ ಮೂರರಲ್ಲಿ ಸುಮಾರು ಎರಡು ಸಲ 190ರಿಂದ 245ರ ನಡುವೆ ಬರುತ್ತದೆ. ಬಂದ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ, ಮರುದಿನ ಮತ್ತೆ ಚೆಲ್ಲಿ.